ನಕ್ಷತ್ರ ಮೀನು, ಅಂಬಲಿ ಮೀನು (ಜೆಲ್ಲಿ ಫಿಶ್) ಒಂದೇ ಗುಂಪಲ್ವಾ? ಮಗಳಿಗೆ ಎರಡು ಮಾರ್ಕ್ಸ್ ಹೋಯ್ತು

ಜೆರಾಕ್ಸ್ ಅಂಗಡಿ
ಎಲ್ಲರಿಗೂ ನಮಸ್ಕಾರ, ಕೋಲಾರದಿಂದ. ಇಲ್ಲಿ ಸೈನ್ಸ್ ಓದಿದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ಮಗಳು ಫಸ್ಟ್ ಪಿಯುಸಿ. ಮೊನ್ನೆ ಬಯಾಲಜಿ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂತು. ನಕ್ಷತ್ರ ಮೀನು ಯಾವ ಗುಂಪು, ಅದಕ್ಕೆ ಹತ್ತಿರದ ಸಂಬಂಧಿ ಯಾರು, ಕಾರಣ ಕೊಡಿ. ಇವಳು ಬರೆದದ್ದು ಇಷ್ಟು: "ನಕ್ಷತ್ರ ಮೀನು ರೇಡಿಯೇಟಾ ಗುಂಪಿನದು. ಅಂಬಲಿ ಮೀನು ಅದರ ಸಂಬಂಧಿ. ಎರಡಕ್ಕೂ ಎಡ ಬಲ ಇಲ್ಲ, ಗಾಡಿ ಚಕ್ರದ ಹಾಗೆ ಸುತ್ತಲೂ ಒಂದೇ ಸಮ." ಎರಡಕ್ಕೆ ಸೊನ್ನೆ.

ಹೋಗಿ ಕೇಳಿದ್ದಕ್ಕೆ ಲೆಕ್ಚರರ್ "ನಕ್ಷತ್ರ ಮೀನಿಗೆ ಅಂಬಲಿ ಮೀನಿಗಿಂತ ನೀನೇ ಹತ್ತಿರದ ನೆಂಟಳು" ಅಂದರಂತೆ. ಕ್ಲಾಸೆಲ್ಲ ನಕ್ಕಿತಂತೆ. ಮನೆಗೆ ಬಂದವಳು ರಾತ್ರಿ ಊಟ ಮಾಡಲಿಲ್ಲ.

ನನಗೆ ಬೇಜಾರು ಯಾಕೆ ಅಂದರೆ, ಅವಳು ಓದಿದ ಗೈಡ್ ತಂದುಕೊಟ್ಟವನು ನಾನು. ಯಾರೋ ಅಂಗಡಿಯಲ್ಲಿ ಬಿಟ್ಟುಹೋದ ಹಳೇ ಪುಸ್ತಕ. ಅದರಲ್ಲಿ ಹಾಗೇ ಇದೆ. ನಾನು ಓದಿದ್ದು ಕಾಮರ್ಸ್. ಆದರೆ ಕಣ್ಣಿದೆಯಲ್ಲ, ಚಿತ್ರ ನೋಡಿದೆ. ಎರಡೂ ದುಂಡಗೆ, ಎರಡೂ ಸಮುದ್ರದಲ್ಲಿ, ಎರಡಕ್ಕೂ ತಲೆ ಇಲ್ಲ. ತಪ್ಪು ಯಾರದು?

ಚಿನ್ನದಗಣಿ
ಇದೊಳ್ಳೆ ಕಥೆ ಆಯಿತು. ದುಂಡಗಿರೋದನ್ನ ದುಂಡಗೆ ಅಂತ ಬರೆದರೆ ಸೊನ್ನೆನಾ? ಎರಡರಲ್ಲಿ ಒಂದಾದರೂ ಕೊಡಬೇಕಿತ್ತು. ಹೋಗಿ ಜಗಳ ಆಡಿ ಸರ್.

ದೋಸೆ ಮುಳಬಾಗಿಲು
ಮೊದಲು ಮಗುವಿಗೆ ಊಟ ಮಾಡಿಸಿ. ಆಮೇಲೆ ಸೈನ್ಸ್.

ಬೆಳಗಿನ ಪ್ಯಾಸೆಂಜರ್
ಲೆಕ್ಚರರ್ ಹೇಳಿದ ವಿಷಯ ಸರಿ, ಹೇಳಿದ ರೀತಿ ಸರಿಯಿಲ್ಲ. ನಕ್ಷತ್ರ ಮೀನು ನಿಜವಾಗಿಯೂ ನಮ್ಮ ಕಡೆಯದು. ಬಂಗಾರಪೇಟೆ ಬಂತು, ಟ್ರೈನ್ ಹತ್ತಿ ಕೂತ ಮೇಲೆ ಬರೆಯುತ್ತೇನೆ.

ಚಿನ್ನದಗಣಿ
ನಮ್ಮ ಕಡೆಯದು ಅಂದರೆ? ಕೆಜಿಎಫ್ ಕಡೆಯದಾ?

ರಿಟೈರ್ಡ್ ಮೇಷ್ಟ್ರು
ಮೂವತ್ತು ವರ್ಷ ಇದೇ ಪಾಠ ಮಾಡಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ಮೊದಲು ಗೈಡ್ ವಿಚಾರ. ರೇಡಿಯೇಟಾ ಅನ್ನುವ ಹೆಸರು ಸುಳ್ಳಲ್ಲ, ಹಳೆಯದು. ಫ್ರಾನ್ಸಿನ ಕುವಿಯೆ 1817ರ ತನ್ನ ಪುಸ್ತಕದಲ್ಲಿ ಎಲ್ಲ ಪ್ರಾಣಿಗಳನ್ನೂ ನಾಲ್ಕು ಭಾಗ ಮಾಡಿದ. ಬೆನ್ನುಮೂಳೆ ಇರುವವು, ಬಸವನಹುಳುವಿನಂಥ ಮೆತ್ತನೆಯವು, ಕೀಟ ಎರೆಹುಳುವಿನಂಥ ಗೆಣ್ಣು ಗೆಣ್ಣಾದವು, ಕೊನೆಗೆ ಚಕ್ರದ ಹಾಗೆ ಇರುವವು. ಆ ನಾಲ್ಕನೆಯದೇ ರೇಡಿಯೇಟಾ. ಅದರಲ್ಲಿ ನಕ್ಷತ್ರ ಮೀನೂ ಇತ್ತು, ಅಂಬಲಿ ಮೀನೂ ಇತ್ತು. ಎಲ್ಲಿಗೂ ಸೇರದ ಹೊಟ್ಟೆಹುಳುಗಳನ್ನೂ ಅಲ್ಲೇ ತುರುಕಿದ್ದ. ಮನೆಯಲ್ಲಿ ಅಟ್ಟ ಇರುತ್ತದಲ್ಲ, ಬೇಡದ್ದೆಲ್ಲ ಹೋಗುವ ಜಾಗ, ಹಾಗೆ.

1840ರ ದಶಕ ಮುಗಿಯುವ ಹೊತ್ತಿಗೆ ಜರ್ಮನಿಯ ಲ್ಯೂಕಾರ್ಟ್ ಇದನ್ನು ಒಡೆದ. ಅಂಬಲಿ ಮೀನನ್ನು ಕೊಯ್ದರೆ ಒಂದೇ ಚೀಲ, ಒಂದೇ ಬಾಯಿ. ತಿನ್ನುವುದೂ ಅದರಿಂದ, ಉಗಿಯುವುದೂ ಅದರಿಂದ. ನಕ್ಷತ್ರ ಮೀನನ್ನು ಕೊಯ್ದರೆ ಚರ್ಮದ ಕೆಳಗೆ ಸುಣ್ಣದ ತಟ್ಟೆಗಳು, ಬೇರೆ ಹೊಟ್ಟೆ, ಹೊಟ್ಟೆಯ ಸುತ್ತ ಪೊಳ್ಳು ಜಾಗ, ನೀರು ಹರಿಯುವ ಕೊಳವೆಗಳ ಜಾಲ, ಅದಕ್ಕೆ ಅಂಟಿದ ನೂರಾರು ಪುಟ್ಟ ಕಾಲು. ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆಮೇಲೆ 1888ರಲ್ಲಿ ಹಾಚೆಕ್ ಅನ್ನುವವನು ಅಂಬಲಿ ಮೀನಿನ ಗುಂಪನ್ನೂ ಇನ್ನೊಮ್ಮೆ ಒಡೆದು ಕುಟುಕುವವು ಬೇರೆ, ಬಾಚಣಿಗೆ ಸಾಲಿನವು ಬೇರೆ ಅಂದ. ಮೊದಲನೆಯದಕ್ಕೆ ನಿಡೇರಿಯಾ, ಎರಡನೆಯದಕ್ಕೆ ಟೀನೊಫೋರಾ ಅಂತ ಈಗಲೂ ಕರೆಯುತ್ತೇವೆ. ನಕ್ಷತ್ರ ಮೀನಿನ ಗುಂಪಿಗೆ ಕಂಟಕಚರ್ಮಿ ಅಂತ ಹೆಸರು, ಮುಳ್ಳು ಚರ್ಮದವು ಅಂತ ಅರ್ಥ.

ಆದ್ದರಿಂದ ಎರಡು ಮಾರ್ಕ್ಸ್ ಹೋದದ್ದು ನ್ಯಾಯ. ನಾನಾಗಿದ್ದರೆ ಚಕ್ರದ ಮಾತಿಗೆ ಅರ್ಧ ಕೊಡುತ್ತಿದ್ದೆ.

ಚಿನ್ನದಗಣಿ
ಅರ್ಧ ಮಾರ್ಕ್ಸ್! ಮೇಷ್ಟ್ರೇ, ಕೈ ಎಷ್ಟು ಬಿಗಿ ನಿಮ್ಮದು.

ಸುಮ್ನೆ ಓದುವವಳು
ಚಕ್ರ ಅಂದದ್ದಕ್ಕೆ ನೆನಪಾಯಿತು. ನಮ್ಮ ಕನ್ನಡ ಮೀಡಿಯಂ ಪುಸ್ತಕದಲ್ಲಿ ಇದನ್ನು "ಅರೀಯ ಸಮ್ಮಿತಿ" ಅಂತ ಬರೆದಿದ್ದರು. ಎಷ್ಟೋ ವರ್ಷ ಬರೀ ಬಾಯಿಪಾಠ ಮಾಡಿದ್ದೆ. ಒಂದು ದಿನ ಅಜ್ಜ ಎತ್ತಿನಗಾಡಿ ರಿಪೇರಿ ಮಾಡುತ್ತಾ "ಅರ ಸಡಿಲ ಆಗಿದೆ" ಅಂದರು. ಚಕ್ರದ ಕಡ್ಡಿ! ಆವತ್ತು ತಲೆಗೆ ಹೋಯಿತು.

ಅಂತರಗಂಗೆ ಮೆಟ್ಟಿಲು
ಸರಿ, ಅರೀಯ ಅಂದರೆ ನಡುವಿನಿಂದ ಹೇಗೆ ಕೊಯ್ದರೂ ಎರಡು ಸಮ ಭಾಗ ಆಗಬೇಕು. ಚಕ್ಕುಲಿ ಥರ. ಅಲ್ವಾ?

ಬೆಳಗಿನ ಪ್ಯಾಸೆಂಜರ್
ಚಕ್ಕುಲಿ ಅಲ್ಲವೇ ಅಲ್ಲ. ಅದು ಸುರುಳಿ. ಎಲ್ಲಿ ಮುರಿದರೂ ಎರಡು ಭಾಗ ಕನ್ನಡಿಯಲ್ಲಿ ನೋಡಿದ ಹಾಗೆ ಹೊಂದುವುದಿಲ್ಲ. ನಿಪ್ಪಟ್ಟು ಅನ್ನಿ, ಒಪ್ಪುತ್ತೇನೆ.

ನಕ್ಷತ್ರ ಮೀನು ನಿಪ್ಪಟ್ಟೂ ಅಲ್ಲ. ಐದೇ ಗೆರೆಯಲ್ಲಿ ಕೊಯ್ಯಬಹುದು. ಮನೆಯಲ್ಲಿ ಬೆಂಡೆಕಾಯಿ ಇದ್ದರೆ ಅಡ್ಡ ಹೆಚ್ಚಿ, ಒಂದು ಬಿಲ್ಲೆ ಕೈಯಲ್ಲಿ ಹಿಡಿಯಿರಿ. ಸಾಮಾನ್ಯವಾಗಿ ಐದು ಮೂಲೆ, ಐದು ಕೋಣೆ, ಕೋಣೆಯೊಳಗೆ ಬೀಜ. ಒಂದು ಮೂಲೆಯಿಂದ ಶುರು ಮಾಡಿ ನೇರ ಎದುರಿಗೆ ಕೊಯ್ದರೆ ಚಾಕು ಎರಡು ಮೂಲೆಗಳ ಸಂದಿಯಲ್ಲಿ ಹೊರಬರುತ್ತದೆ. ಆಗ ಮಾತ್ರ ಎರಡು ಅರ್ಧ ಸಮ. ಸ್ವಲ್ಪ ಓರೆ ಆದರೆ ಕೆಟ್ಟಿತು. ನಕ್ಷತ್ರ ಮೀನಿನ ಲೆಕ್ಕವೂ ಅಷ್ಟೇ.

ಅಂಬಲಿ ಮೀನಿಗೆ ನಾಲ್ಕರ ಲೆಕ್ಕ. ಮೂನ್ ಜೆಲ್ಲಿ ಅಂತಾರಲ್ಲ, ಅದರ ಮೇಲಿನಿಂದ ಕಾಣುವ ನಾಲ್ಕು ಕುದುರೆ ಲಾಳ ಮೊಟ್ಟೆ ಅಥವಾ ವೀರ್ಯದ ಚೀಲಗಳು. ಬಾಕ್ಸ್ ಜೆಲ್ಲಿಗೆ ನಾಲ್ಕು ಮಗ್ಗುಲಲ್ಲಿ ನಾಲ್ಕು ಕಣ್ಣಿನ ಗೊಂಚಲು, ಒಂದೊಂದರಲ್ಲಿ ಆರು, ಒಟ್ಟು 24 ಕಣ್ಣು. ತಲೆ ಮಾತ್ರ ಇಲ್ಲ.

ದೋಸೆ ಮುಳಬಾಗಿಲು
24 ಕಣ್ಣು, ತಲೆ ಇಲ್ಲ. ನಮ್ಮ ಬೀದಿಯಲ್ಲಿ ಅಂಥವರು ಇಬ್ಬರಿದ್ದಾರೆ.

ಅಜ್ಜಿ ಮೊಮ್ಮಗ
ಆಕ್ಟೋಪಸ್ಸೂ ಅದೇ ಗುಂಪು ತಾನೆ? ಎಂಟು ಕೈ ಸುತ್ತಲೂ ಇವೆ.

ರಿಟೈರ್ಡ್ ಮೇಷ್ಟ್ರು
ಅಲ್ಲ. ಅದು ಬಸವನಹುಳುವಿನ ಬಳಗ. ಎರಡು ಕಣ್ಣು, ಎಡ ಬಲ, ಎಲ್ಲ ಇದೆ. ಕೈ ಎಣಿಸಿ ಗುಂಪು ಮಾಡಿದರೆ ಜೇಡವನ್ನೂ ಅಲ್ಲಿಗೇ ಸೇರಿಸಬೇಕಾಗುತ್ತದೆ.

ಚಿನ್ನದಗಣಿ
ನನ್ನ ಪ್ರಶ್ನೆ ಹಾಗೇ ಇದೆ. ಗುಂಪು ಮಾಡುವುದು ಯಾಕೆ? ನೆನಪಿಟ್ಟುಕೊಳ್ಳೋಕೆ, ಗುರುತು ಹಿಡಿಯೋಕೆ. ಹೊರಗೆ ಕಾಣುವುದನ್ನು ಬಿಟ್ಟು ಹೊಟ್ಟೆ ಕೊಯ್ದು ನೋಡಿ ಗುಂಪು ಮಾಡಿ ಅಂದರೆ ಯಾರಿಗೆ ಉಪಯೋಗ? ಸುಮ್ನೆ ವಿದ್ವಾಂಸರ ಕಸರತ್ತು.

ಟೊಮೆಟೊ ಕ್ರೇಟ್
ಇದಕ್ಕೆ ನಾನು ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ನನ್ನ ಓದು, ಶ್ರೀನಿವಾಸಪುರದ ಹತ್ತಿರ ಟೊಮೆಟೊ ಬೆಳೆಯುತ್ತೇನೆ.

ಮಂಡಿಯಲ್ಲಿ ನಾವು ಮಾಡುವುದು ನೀವು ಹೇಳಿದ ಗುಂಪು. ಗಾತ್ರ, ಬಣ್ಣ, ಗಟ್ಟಿ. ಯಾವ ತಳಿ ಅಂತ ಯಾರೂ ಕೇಳುವುದಿಲ್ಲ, ಕ್ರೇಟಿಗೆ ರೇಟು. ಅದು ಮಾರುವುದಕ್ಕೆ ಸರಿ.

ಹೊಲಕ್ಕೆ ಬನ್ನಿ. ಟೊಮೆಟೊ ಪಕ್ಕ ಒಂದು ಸೇಬು ಇಡಿ. ಎರಡೂ ಕೆಂಪು, ಎರಡೂ ದುಂಡಗೆ. ಇನ್ನೊಂದು ಪಕ್ಕ ಹಸಿಮೆಣಸಿನಕಾಯಿ ಇಡಿ, ಬದನೆಕಾಯಿ ಇಡಿ. ಯಾವುದು ಟೊಮೆಟೊ ಸಂಬಂಧಿ? ಕಾಯಿ ನೋಡಿದರೆ ಸೇಬು. ಹೂ ನೋಡಿದರೆ ಬೇರೆ ಕಥೆ. ಟೊಮೆಟೊ ಹೂ ಹಳದಿ, ಬದನೆ ಹೂ ನೇರಳೆ, ಮೆಣಸಿನ ಹೂ ಬಿಳಿ. ಬಣ್ಣ ಬೇರೆ, ಅಚ್ಚು ಒಂದೇ. ಸಾಮಾನ್ಯವಾಗಿ ಐದು ಮೂಲೆ, ತಲೆ ತಗ್ಗಿಸಿಕೊಂಡು ನಿಂತಿರುತ್ತವೆ.

ಇದರಿಂದ ಏನು ಉಪಯೋಗ ಅಂದಿರಿ. ಸೊರಗು ರೋಗ ಬಿದ್ದ ಹೊಲದಲ್ಲಿ ಟೊಮೆಟೊ ಕಿತ್ತು ಬದನೆ ಹಾಕಿದೆ. ಬೇರೆ ಬೆಳೆ ಅಲ್ವಾ ಅಂತ. ಇಪ್ಪತ್ತು ದಿನದಲ್ಲಿ ಅದೂ ಬಾಡಿತು. ರೋಗಕ್ಕೆ ಗೊತ್ತಿತ್ತು ಯಾರು ಯಾರ ನೆಂಟರು ಅಂತ, ನನಗೆ ಗೊತ್ತಿರಲಿಲ್ಲ. ಎರಡು ಎಕರೆ ಫೀಸು ಕಟ್ಟಿ ಕಲಿತ ಪಾಠ ಇದು.

ರಿಟೈರ್ಡ್ ಮೇಷ್ಟ್ರು
ಇದನ್ನು ನನಗೆ ಮೂವತ್ತು ವರ್ಷದ ಹಿಂದೆ ಹೇಳಿದ್ದರೆ ಎಷ್ಟು ಸೀಮೆಸುಣ್ಣ ಉಳಿಯುತ್ತಿತ್ತು. ನಕ್ಷತ್ರ ಮೀನಿನ "ಹೂವು" ಯಾವುದು ಗೊತ್ತಾ? ಅದರ ಮರಿ.

ಜೆರಾಕ್ಸ್ ಅಂಗಡಿ
ಮರಿ? ಮರಿ ಅಂದರೆ ಚಿಕ್ಕ ನಕ್ಷತ್ರ ತಾನೆ?

ಬೆಳಗಿನ ಪ್ಯಾಸೆಂಜರ್
ಇಲ್ಲ ಸರ್, ಮಜಾ ಇರುವುದೇ ಇಲ್ಲಿ. ಮೊಟ್ಟೆಯಿಂದ ಬರುವ ಮರಿಗೆ ಐದು ಕೈ ಇಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಗಾಜಿನ ಹಾಗೆ ಪಾರದರ್ಶಕ, ಮೈಮೇಲೆ ಸಣ್ಣ ಕೂದಲಿನ ಪಟ್ಟಿ. ಅದರಿಂದ ಈಜುತ್ತದೆ. ಅದಕ್ಕೆ ಎಡ ಇದೆ, ಬಲ ಇದೆ, ಮುಂದೆ ಹಿಂದೆ ಇದೆ. ನಮ್ಮ ಥರ. ವಾರಗಟ್ಟಲೆ ನೀರಿನಲ್ಲಿ ತೇಲಿ, ಕೊನೆಗೆ ಯಾವುದಾದರೂ ಕಲ್ಲಿಗೆ ಅಂಟಿಕೊಂಡು ರೂಪ ಬದಲಾಯಿಸುತ್ತದೆ. ಐದು ಕೈಯ ದೇಹ ಹುಟ್ಟುವುದು ಮರಿಯ ಎಡಗಡೆಯ ಒಂದು ಸಣ್ಣ ಚೀಲದಿಂದ. ಉಳಿದ ದೇಹ ಜಾಸ್ತಿ ಪಾಲು ಕರಗಿಹೋಗುತ್ತದೆ. ರೇಷ್ಮೆ ಹುಳ ಚಿಟ್ಟೆ ಆಗುವುದನ್ನು ನಾವು ನೋಡಿದ್ದೇವೆ, ಆದರೆ ಅದರಲ್ಲಿ ಹುಳಕ್ಕೂ ಚಿಟ್ಟೆಗೂ ಎಡ ಬಲ ಹಾಗೇ ಉಳಿಯುತ್ತದೆ. ಇಲ್ಲಿ ಅದೇ ಹೋಗುತ್ತದೆ.

ಇನ್ನೊಂದು ಗುರುತು ಇದಕ್ಕೂ ಮುಂಚೆ ಸಿಗುತ್ತದೆ. ಮೊಟ್ಟೆ ಒಡೆದು ಒಡೆದು ಕಣಗಳ ಚೆಂಡಾದಾಗ ಒಂದು ಕಡೆ ಗುಳಿ ಬೀಳುತ್ತದೆ. ಬಸವನಹುಳು, ಎರೆಹುಳುಗಳ ಕಡೆ ಸಾಮಾನ್ಯವಾಗಿ ಆ ಗುಳಿಯ ಹತ್ತಿರ ಬಾಯಿ ಆಗುತ್ತದೆ. ನಕ್ಷತ್ರ ಮೀನಿನಲ್ಲಿ, ಕಪ್ಪೆಯಲ್ಲಿ, ನಮ್ಮಲ್ಲಿ ಅಲ್ಲಿ ಹಿಂಬಾಗಿಲು ಆಗುತ್ತದೆ. ಬಾಯಿ ಆಮೇಲೆ ಬೇರೆ ಕಡೆ ತೆರೆದುಕೊಳ್ಳುತ್ತದೆ. 1908ರಲ್ಲಿ ಗ್ರೊಬೆನ್ ಇದಕ್ಕೇ ಡ್ಯೂಟೆರೊಸ್ಟೋಮ್ ಅಂತ ಹೆಸರಿಟ್ಟ, ಎರಡನೇ ಬಾಯಿಯವರು ಅಂತ ಅರ್ಥ. ಈಗ ಡಿಎನ್‌ಎ ನೋಡಿದರೂ ನಕ್ಷತ್ರ ಮೀನು ಇದೇ ಕೊಂಬೆಯಲ್ಲಿ ಕೂರುತ್ತದೆ. ಹಾಗಾಗಿ ನಿಮ್ಮ ಮಗಳಿಗೆ ಅದು ದೂರದ ನೆಂಟ, ಅಂಬಲಿ ಮೀನು ಅದಕ್ಕಿಂತಲೂ ದೂರ.

ದೋಸೆ ಮುಳಬಾಗಿಲು
ಅಂದರೆ ನಮ್ಮಲ್ಲಿ ಮೊದಲು ಹಿಂಬಾಗಿಲು, ಆಮೇಲೆ ಬಾಯಿ?

ಟೊಮೆಟೊ ಕ್ರೇಟ್
ಕೆಲವರಲ್ಲಿ ಎರಡೂ ಒಂದೇ ಕೆಲಸ ಮಾಡುತ್ತವೆ. ಎಲೆಕ್ಷನ್ ಟೈಮಲ್ಲಿ ನೋಡಿ.

ಸುಮ್ನೆ ಓದುವವಳು
ರಾಜಕೀಯ ಬೇಡ ಅಂತ ಗ್ರೂಪಿನ ನಿಯಮದಲ್ಲಿ ದಪ್ಪಗೆ ಬರೆದಿದ್ದಾರೆ 😄

ಚಿನ್ನದಗಣಿ
ಟೊಮೆಟೊ ಉದಾಹರಣೆಗೆ ಸೋತೆ. ಒಪ್ಪಿಕೊಂಡೆ. ಆದರೆ ಸಮುದ್ರದ ನಕ್ಷತ್ರಕ್ಕೆ ಆ ಥರದ ಉಪಯೋಗ ಎಲ್ಲಿದೆ?

ರಿಟೈರ್ಡ್ ಮೇಷ್ಟ್ರು
ಇದೆ. 1882ರಲ್ಲಿ ರಷ್ಯಾದ ಮೆಚ್ನಿಕೋಫ್ ಸಿಸಿಲಿಯ ಮೆಸ್ಸಿನಾ ಊರಿನಲ್ಲಿ ಇದ್ದ. ನಕ್ಷತ್ರ ಮೀನಿನ ಮರಿ ಗಾಜಿನ ಹಾಗೆ ಅಂದರಲ್ಲ, ಅದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ತೋಟದಿಂದ ಒಂದು ಮುಳ್ಳು ತಂದು ಮರಿಗೆ ಚುಚ್ಚಿದ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕಣಗಳು ಮುತ್ತಿಕೊಂಡಿದ್ದವು. ನಮಗೆ ಮುಳ್ಳು ಚುಚ್ಚಿದರೆ ಕೀವು ಕಟ್ಟುತ್ತದಲ್ಲ, ಆ ಕೆಲಸ ಏನು ಅಂತ ಹೊಳೆದದ್ದು ಅಲ್ಲಿ. 1908ರಲ್ಲಿ ನೊಬೆಲ್ ಬಂತು. ಅದೇ ಬಳಗದ ಕಡಲ ಮುಳ್ಳುಚೆಂಡಿನ ಮೊಟ್ಟೆಯಲ್ಲಿ ಟಿಮ್ ಹಂಟ್ ಸೈಕ್ಲಿನ್ ಅನ್ನುವ ಪ್ರೋಟೀನು ಕಂಡುಹಿಡಿದ. ಜೀವಕಣ ಯಾವಾಗ ಎರಡಾಗಬೇಕು ಅಂತ ಹೇಳುವುದು ಅದು. ಅದಕ್ಕೆ 2001ರಲ್ಲಿ ನೊಬೆಲ್. ಕ್ಯಾನ್ಸರ್ ವಿಷಯ ಬಂದಾಗ ಆ ಹೆಸರು ಈಗಲೂ ಬರುತ್ತದೆ.

ಚಿನ್ನದಗಣಿ
ಸರಿ ಸರಿ. ಎರಡು ನೊಬೆಲ್ ತಂದು ತಲೆ ಮೇಲೆ ಇಟ್ಟರೆ ಏನು ಮಾತಾಡಲಿ. ಒಂದು ಮಾತ್ರ ಹೇಳಿ. ಎಡ ಬಲ ಇದ್ದದ್ದನ್ನು ಬಿಟ್ಟು ಚಕ್ರ ಯಾಕೆ ಆಯಿತು?

ಬೆಳಗಿನ ಪ್ಯಾಸೆಂಜರ್
ಒಂದೇ ಕಡೆ ಕೂತವರಿಗೆ, ಸುಮ್ನೆ ತೇಲುವವರಿಗೆ ಮುಂದೆ ಹಿಂದೆ ಅನ್ನುವುದಕ್ಕೆ ಅರ್ಥ ಇಲ್ಲ. ಊಟವೂ ಶತ್ರುವೂ ಯಾವ ದಿಕ್ಕಿನಿಂದಲಾದರೂ ಬರಬಹುದು. ಸುತ್ತಲೂ ಕೈ ಇದ್ದರೆ ಒಳ್ಳೆಯದು. ನಕ್ಷತ್ರ ಮೀನು ಈಗ ಓಡಾಡುತ್ತದೆ ನಿಜ, ಆದರೆ ಅದರ ಹಿರಿಯರು ಕಾಂಡದ ಮೇಲೆ ಹೂವಿನ ಹಾಗೆ ನೆಲಕ್ಕೆ ಅಂಟಿ ಕೂತಿದ್ದರು ಅಂತ ಜಾಸ್ತಿ ಜನ ಒಪ್ಪುತ್ತಾರೆ. ಅಂಥವು ಇವತ್ತಿಗೂ ಆಳ ಸಮುದ್ರದಲ್ಲಿ ಇವೆ, ಕಡಲ ಲಿಲ್ಲಿ ಅಂತಾರೆ.

ಅದಕ್ಕೂ ಉಲ್ಟಾ ಒಂದಿದೆ. ಕಡಲ ಸೌತೆ. ಅದೂ ಇದೇ ಬಳಗ, ಒಳಗೆ ಐದರ ಲೆಕ್ಕ ಹಾಗೇ ಇದೆ. ಆದರೆ ಮಗ್ಗುಲಾಗಿ ಮಲಗಿ ತೆವಳುವುದಕ್ಕೆ ಶುರು ಮಾಡಿ ಮತ್ತೆ ಹೊಟ್ಟೆ ಬೆನ್ನು, ಎಡ ಬಲ ಅಂತ ಮಾಡಿಕೊಂಡಿತು. ಎಡ ಬಲ, ಆಮೇಲೆ ಚಕ್ರ, ಆಮೇಲೆ ಮತ್ತೆ ಎಡ ಬಲ. ನಮ್ಮ ಟ್ರೈನಿನ ಪ್ಲಾಟ್‌ಫಾರಂ ಬದಲಾಯಿಸಿದ ಹಾಗೆ.

ಅಜ್ಜಿ ಮೊಮ್ಮಗ
ಕಡಲ ಸೌತೆ ತಿನ್ನುತ್ತಾರಾ? ಕೋಸಂಬರಿ ಮಾಡಬಹುದಾ?

ಬೆಳಗಿನ ಪ್ಯಾಸೆಂಜರ್
ಬೇರೆ ದೇಶಗಳಲ್ಲಿ ಒಣಗಿಸಿ ತಿನ್ನುತ್ತಾರೆ. ನಮ್ಮಲ್ಲಿ 2001ರಿಂದ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿದೆ. ಹಿಡಿದರೆ ಜೈಲು. ನಮ್ಮ ಸೌತೆಕಾಯಿಯಲ್ಲೇ ಕೋಸಂಬರಿ ಮಾಡಿ.

ಅಂತರಗಂಗೆ ಮೆಟ್ಟಿಲು
ಅಂಬಲಿ ಮೀನಿನ ಬಗ್ಗೆ ನನ್ನ ಅನುಭವ. ಹೈಸ್ಕೂಲ್ ಟ್ರಿಪ್, ಧರ್ಮಸ್ಥಳ, ಉಡುಪಿ, ಮಲ್ಪೆ. ಕೋಲಾರದ ಮಕ್ಕಳು, ಸಮುದ್ರ ಮೊದಲ ಸಲ ನೋಡಿದ್ದು. ಮರಳಿನ ಮೇಲೆ ಗಂಜಿ ಹೆಪ್ಪುಗಟ್ಟಿದ ಹಾಗೆ ಒಂದು ಬಿದ್ದಿತ್ತು. ಸತ್ತಿದೆ ಅಂತ ಎತ್ತಿ ಗೆಳೆಯನ ಮೇಲೆ ಎಸೆದೆ. ಅವನಿಗೇನೂ ಆಗಲಿಲ್ಲ. ನನ್ನ ಅಂಗೈ ರಾತ್ರಿಯೆಲ್ಲ ಉರಿಯಿತು. ಮಾಡಿದ್ದುಣ್ಣೋ ಮಹಾರಾಯ.

ಬೆಳಗಿನ ಪ್ಯಾಸೆಂಜರ್
ಸತ್ತ ಮೇಲೂ ಕುಟುಕುತ್ತದೆ. ಒಂದೊಂದು ಕುಟುಕು ಕಣದಲ್ಲೂ ಸುರುಳಿ ಸುತ್ತಿದ ದಾರ, ಒತ್ತಡದಲ್ಲಿ ತುಂಬಿಟ್ಟಿರುತ್ತದೆ. ಮುಟ್ಟಿದರೆ ಚಿಮ್ಮುತ್ತದೆ. ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ನಿಡೇರಿಯಾ ಅನ್ನುವ ಹೆಸರು ಬಂದದ್ದೇ ಅದರಿಂದ. ಅಂಬಲಿ ಮೀನು, ಹವಳ, ಕಡಲ ಹೂವು, ಹೈಡ್ರಾ ನಾಲ್ಕನ್ನೂ ಒಂದು ಮನೆಗೆ ಸೇರಿಸಿದ್ದು ದುಂಡಗಿನ ಆಕಾರ ಅಲ್ಲ, ಈ ಕಣ. ಮಾರ್ಕ್ಸ್ ಬೇಕಾದರೆ ಇದನ್ನು ಬರೆಯಬೇಕು.

ಅಜ್ಜಿ ಮೊಮ್ಮಗ
ಹವಳ ಪ್ರಾಣಿನಾ? ನಮ್ಮಜ್ಜಿ ಕುಜ ದೋಷಕ್ಕೆ ಉಂಗುರ ಹಾಕಿಕೊಂಡಿದ್ದಾರೆ. ಕಲ್ಲಲ್ವಾ?

ರಿಟೈರ್ಡ್ ಮೇಷ್ಟ್ರು
ಪ್ರಾಣಿ ಕಟ್ಟಿದ ಮನೆ. ಉಂಗುರದ ಕೆಂಪು ಹವಳದ ಮೇಲೆ ಬಿಳಿ ಹೂವಿನ ಹಾಗೆ ಸಾವಿರಾರು ಪುಟ್ಟ ಜೀವಿಗಳು ಇದ್ದವು. ಒಂದೊಂದಕ್ಕೂ ಎಂಟು ಕೈ. ಕೈಗೆ ಅಕ್ಕಪಕ್ಕ ಸಣ್ಣ ಎಸಳು. ದಿಬ್ಬ ಕಟ್ಟುವ ಕಲ್ಲು ಹವಳಗಳಲ್ಲಿ ಆರರ ಲೆಕ್ಕ. ಅಜ್ಜಿಗೆ ಹೇಳಬೇಡಿ, ಮಡಿ ಅಂತ ಉಂಗುರ ತೆಗೆದಾರು.

ಅಜ್ಜಿ ಮೊಮ್ಮಗ
ಹೇಳಿಬಿಟ್ಟೆ. "ರೇಷ್ಮೆ ಸೀರೆ ಉಟ್ಟೇ ಪೂಜೆ ಮಾಡೋದು, ಅದೇನು ಗಿಡದಲ್ಲಿ ಬಿಡುತ್ತಾ" ಅಂದರು.

ಚಿನ್ನದಗಣಿ
ಅಜ್ಜಿಗೆ ಎರಡಕ್ಕೆ ಎರಡು ಮಾರ್ಕ್ಸ್.

ನಮ್ಮ ಗಣಿಯ ಕಲ್ಲಿನಲ್ಲಿ ಈ ಥರದ ಹಳೇ ಪ್ರಾಣಿಗಳ ಅಚ್ಚು ಸಿಗಬಹುದಾ? ಮೂರು ಕಿಲೋಮೀಟರಿಗಿಂತ ಜಾಸ್ತಿ ಆಳ ತೋಡಿದ್ದಾರೆ. ನಮ್ಮಪ್ಪ 2001ರಲ್ಲಿ ಮುಚ್ಚುವವರೆಗೂ ಇಳಿಯುತ್ತಿದ್ದರು. ಇಂಥದ್ದೇನೂ ಕಂಡದ್ದು ಹೇಳಲಿಲ್ಲ.

ಬೆಳಗಿನ ಪ್ಯಾಸೆಂಜರ್
ಸಿಗುವುದಿಲ್ಲ. ಕೋಲಾರದ ಚಿನ್ನದ ಪಟ್ಟಿಯ ಕಲ್ಲು ಸುಮಾರು 270 ಕೋಟಿ ವರ್ಷದ್ದು. ಪ್ರಾಣಿಗಳು ಬಂದದ್ದು ತೀರಾ ಮೊನ್ನೆ ಮೊನ್ನೆ, 60 ಕೋಟಿ ವರ್ಷದ ಆಸುಪಾಸು. ನಿಮ್ಮಪ್ಪ ಇಳಿದದ್ದು ಪ್ರಾಣಿಗಳೇ ಇಲ್ಲದ ಕಾಲಕ್ಕೆ.

ಚಿನ್ನದಗಣಿ
ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಕೆಳಗೆ ಇಲಿ, ಜಿರಳೆ ಬೇಕಾದಷ್ಟಿದ್ದವು" ಅಂದರು.

ಸುಮ್ನೆ ಓದುವವಳು
ಮೇಷ್ಟ್ರು ಬಾಚಣಿಗೆ ಸಾಲಿನವು ಅಂದು ಹಾಗೇ ಬಿಟ್ಟರು. ಅದೇನು?

ಬೆಳಗಿನ ಪ್ಯಾಸೆಂಜರ್
ನೋಡುವುದಕ್ಕೆ ಅಂಬಲಿ ಮೀನಿನ ತಮ್ಮ. ಆದರೆ ಕುಟುಕು ಕಣ ಇಲ್ಲ, ಗೋಂದಿನ ಕಣ ಇದೆ. ಊಟವನ್ನು ಅಂಟಿಸಿಕೊಳ್ಳುತ್ತದೆ. ಮೈ ಉದ್ದಕ್ಕೆ ಎಂಟು ಸಾಲು ಕೂದಲಿನ ಬಾಚಣಿಗೆ, ಅದರ ಮೇಲೆ ಬೆಳಕು ಬಿದ್ದರೆ ಕಾಮನಬಿಲ್ಲು ಓಡಿದ ಹಾಗೆ ಕಾಣುತ್ತದೆ. ಎಂಟು ಸಾಲು, ಆದರೆ ಉದ್ದನೆಯ ಕೈ ಎರಡೇ. ಹಾಗಾಗಿ ಪೂರ್ತಿ ಚಕ್ರವೂ ಅಲ್ಲ, ಪೂರ್ತಿ ಎಡ ಬಲವೂ ಅಲ್ಲ.

ಇವುಗಳ ಬಗ್ಗೆ ಈಗ ದೊಡ್ಡ ಜಗಳ ನಡೆಯುತ್ತಿದೆ. ಪ್ರಾಣಿಗಳ ಮರದಲ್ಲಿ ಮೊದಲು ಕವಲೊಡೆದವರು ಯಾರು, ನೀರಿನ ತಳಕ್ಕೆ ಅಂಟಿ ಬದುಕುವ ಸ್ಪಂಜು ಅನ್ನುವ ಪ್ರಾಣಿಗಳಾ, ಇವಾ? 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ತಂಡ ಕ್ರೋಮೋಸೋಮುಗಳ ಮೇಲೆ ಜೀನುಗಳು ಕೂತ ಜಾಗ ಹೋಲಿಸಿ, ಬಾಚಣಿಗೆಯವೇ ಮೊದಲು ಅಂದಿತು. ಸ್ಪಂಜ್ ಪಕ್ಷದವರು ಇನ್ನೂ ಸೋಲು ಒಪ್ಪಿಲ್ಲ. ಒಪ್ಪಿದರೆ ನರಗಳು ಎರಡು ಸಲ ಬೇರೆ ಬೇರೆ ಹುಟ್ಟಿದವಾ, ಇಲ್ಲ ಈಗ ನರವೇ ಇಲ್ಲದ ಸ್ಪಂಜುಗಳು ಇದ್ದದ್ದನ್ನು ಕಳೆದುಕೊಂಡವಾ ಅಂತ ಹೊಸ ತಲೆನೋವು.

ರಿಟೈರ್ಡ್ ಮೇಷ್ಟ್ರು
ನಾನು ಪಾಠ ಮಾಡುವಾಗ ಸ್ಪಂಜು ಮೊದಲು ಅನ್ನುವುದು ವೇದವಾಕ್ಯ. ರಿಟೈರ್ ಆದ ಮೇಲೆ ಬದಲಾಯಿಸುತ್ತಾರೆ ನೋಡಿ.

ಬೆಳಗಿನ ಪ್ಯಾಸೆಂಜರ್
ಇನ್ನೊಂದು ಸೇರಿಸಿಕೊಳ್ಳಿ ಮೇಷ್ಟ್ರೇ. ಅದೇ 2023ರಲ್ಲಿ ನಕ್ಷತ್ರ ಮೀನಿನ ಮೈಯಲ್ಲಿ ಯಾವ ಜೀನು ಎಲ್ಲಿ ಕೆಲಸ ಮಾಡುತ್ತದೆ ಅಂತ ನೋಡಿದರು. ನಮ್ಮಲ್ಲಿ ತಲೆಯ ಕಡೆ ಕೆಲಸ ಮಾಡುವ ಜೀನುಗಳು ಅದರ ಐದೂ ಕೈಯಲ್ಲಿ ಉದ್ದಕ್ಕೂ ಸಿಕ್ಕವು. ಮುಂಡದ ಜೀನುಗಳು ಮೈಯ ಹೊರಭಾಗದಲ್ಲಿ ಕಾಣಲೇ ಇಲ್ಲ.

ಜೆರಾಕ್ಸ್ ಅಂಗಡಿ
ತಲೆ ಇಲ್ಲ ಅಂತ ನಾನು ಬರೆದಿದ್ದೆ. ಈಗ ನೀವು ಬರೀ ತಲೆ ಅಂತೀರಿ!

ಬೆಳಗಿನ ಪ್ಯಾಸೆಂಜರ್
ಹೌದು, ಹೆಚ್ಚುಕಮ್ಮಿ ಹಾಗೇ. ನೆಲದ ಮೇಲೆ ತೆವಳುವ ತಲೆ.

ಚಿನ್ನದಗಣಿ
ರಾತ್ರಿ ಹನ್ನೊಂದಕ್ಕೆ ಇದನ್ನು ಓದಿ ಮಲಗಬೇಕಾ ನಾನು.

ಜೆರಾಕ್ಸ್ ಅಂಗಡಿ
ಮಗಳೂ ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ಅವಳ ಪ್ರಶ್ನೆ: ಇದೆಲ್ಲ ಸಮುದ್ರದ್ದೇ. ನಮ್ಮ ಜಿಲ್ಲೆಯಲ್ಲಿ ಒಂದೂ ಸಿಗುವುದಿಲ್ಲವಾ? ಕಣ್ಣಾರೆ ನೋಡಬೇಕಂತೆ.

ರಿಟೈರ್ಡ್ ಮೇಷ್ಟ್ರು
ಕಂಟಕಚರ್ಮಿ ಸಿಗುವುದಿಲ್ಲ. ಸುಮಾರು 7,000 ಜಾತಿ ಇವೆ, ಒಂದೇ ಒಂದೂ ಸಿಹಿನೀರಿಗೆ ಬಂದಿಲ್ಲ. ನಿಡೇರಿಯಾ ಸಿಗುತ್ತದೆ, ಹೈಡ್ರಾ. ಕೆರೆ, ಕುಂಟೆಯ ಸೊಪ್ಪಿಗೆ ಅಂಟಿಕೊಂಡಿರುತ್ತದೆ. 1740ರ ದಶಕದಲ್ಲಿ ಟ್ರೆಂಬ್ಲೆ ಅನ್ನುವ ಮನೆಪಾಠದ ಮೇಷ್ಟ್ರು ಹಾಲೆಂಡಿನಲ್ಲಿ ಅದನ್ನು ಎರಡು ತುಂಡು ಮಾಡಿದ. ಎರಡೂ ತುಂಡು ಬೆಳೆದು ಎರಡು ಹೈಡ್ರಾ ಆದವು. ಗಿಡವೋ ಪ್ರಾಣಿಯೋ ಅಂತ ಅವನಿಗೇ ಅನುಮಾನ ಇತ್ತು. ಪ್ರಾಣಿಯಾದರೆ ಎಲ್ಲಕ್ಕೂ ಒಂದೇ ಲೆಕ್ಕದ ಕೈ ಇರಬೇಕಲ್ಲ ಅಂತ ಕೂತು ಎಣಿಸಿದ. ಒಂದಕ್ಕೊಂದು ಬೇರೆ ಬೇರೆ ಬಂತು.

ನರಸಾಪುರ ಕೆರೆ
ನಮ್ಮ ಕಡೆ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಬಿಟ್ಟದ್ದು, ಬಂದಿದೆ. ಅದರಲ್ಲಿ ಹೈಡ್ರಾ ಬದುಕುತ್ತಾ?

ಟೊಮೆಟೊ ಕ್ರೇಟ್
ಆ ನೀರಿನ ವಿಷಯ ಎತ್ತಬೇಡಿ. 2018ರಿಂದ ಎರಡು ಹಂತ ಸಾಕು, ಮೂರು ಹಂತ ಶುದ್ಧ ಮಾಡಬೇಕು ಅಂತ ಇಲ್ಲಿ ಎಷ್ಟು ಜಗಳ ಆಗಿಲ್ಲ. ಬೋರ್‌ವೆಲ್ಲಿಗೆ ನೀರು ಬಂತು ಅನ್ನುವವನು ನಾನು, ಬೇಡ ಅನ್ನುವವನು ನನ್ನ ತಮ್ಮ. ಹಬ್ಬಕ್ಕೂ ಮಾತಿಲ್ಲ.

ಗಾಜಿನ ತೊಟ್ಟಿ
ಅಕ್ವೇರಿಯಂ ಅಂಗಡಿ ನಂದು, ಚಿಕ್ಕಬಳ್ಳಾಪುರ. ಹೈಡ್ರಾಗೆ ಕೊಳಕು ನೀರು ಆಗಿಬರುವುದಿಲ್ಲ. ಹಳ್ಳಿ ಕಡೆ ತಿಳಿನೀರಿನ ಕುಂಟೆ ಅಥವಾ ಕೃಷಿ ಹೊಂಡ ನೋಡಿ. ನೀರಿನ ಸೊಪ್ಪು, ಪಾಚಿ ಸ್ವಲ್ಪ ಅದೇ ನೀರಿನ ಜೊತೆ ಅಗಲ ಬಾಯಿಯ ಗಾಜಿನ ಬಾಟಲಿಗೆ ಹಾಕಿ. ಕಿಟಕಿ ಹತ್ತಿರ ಇಡಿ, ಬಿಸಿಲು ನೇರ ಬೀಳಬಾರದು. ಒಂದೆರಡು ದಿನ ಅಲ್ಲಾಡಿಸಬೇಡಿ. ಇದ್ದರೆ ಬೆಳಕಿನ ಕಡೆಯ ಗಾಜಿಗೆ ಬಂದು ಅಂಟುತ್ತವೆ. ನಲ್ಲಿ ನೀರು ಹಾಕಿದರೆ ಕ್ಲೋರಿನ್‌ಗೆ ಸಾಯುತ್ತವೆ.

ನಮಗೆ ಅದು ಶತ್ರು. ಮೀನಿನ ಸಣ್ಣ ಮರಿಗಳನ್ನು ತಿನ್ನುತ್ತದೆ. ಕುರಿಗೆ ಕೊಡುವ ಜಂತುಹುಳದ ಔಷಧಿ ಒಂದು ಚಿಟಿಕೆ ಹಾಕಿ ಕೊಲ್ಲುತ್ತೇವೆ. ಜನ ಅದನ್ನು ಹುಡುಕಿಕೊಂಡು ಹೋಗುವುದನ್ನು ಇವತ್ತೇ ನೋಡಿದ್ದು.

ಅಂತರಗಂಗೆ ಮೆಟ್ಟಿಲು
ಅಂತರಗಂಗೆ ಕಲ್ಯಾಣಿಯಲ್ಲಿ ನೋಡಬಹುದಲ್ವಾ? ಬಸವನ ಬಾಯಿಂದ ಬರೋ ನೀರು ತಿಳಿಯಾಗಿದೆ.

ದೋಸೆ ಮುಳಬಾಗಿಲು
ತೀರ್ಥದಲ್ಲಿ ಬಾಟಲಿ ಅದ್ದಿದರೆ ಭಕ್ತರು ನಿಮ್ಮನ್ನೇ ಎರಡು ತುಂಡು ಮಾಡುತ್ತಾರೆ. ನೀವು ಹೈಡ್ರಾ ಅಲ್ಲ, ಬೆಳೆಯುವುದಿಲ್ಲ.

ಜೆರಾಕ್ಸ್ ಅಂಗಡಿ
ಭಾನುವಾರ ಮಾವನ ತೋಟಕ್ಕೆ ಹೋಗುತ್ತಿದ್ದೇವೆ, ಮಾಲೂರು ಕಡೆ. ಅಲ್ಲಿ ಕೃಷಿ ಹೊಂಡ ಇದೆ. ನೋಡಿ ಹೇಳುತ್ತೇನೆ.

ಜೆರಾಕ್ಸ್ ಅಂಗಡಿ
ಹತ್ತು ದಿನ ಆಯಿತು, ಕ್ಷಮಿಸಿ. ಮೊದಲ ಬಾಟಲಿಯಲ್ಲಿ ಸೊಳ್ಳೆ ಮರಿ ಬಿಟ್ಟು ಏನೂ ಇರಲಿಲ್ಲ. ಹೆಂಡತಿ ಬೈದು ಚೆಲ್ಲಿಸಿದಳು. ಎರಡನೆಯದು ಹೊಂಡದ ಮೂಲೆಯ ಸೊಪ್ಪು. ಮೂರನೇ ದಿನ ಬೆಳಿಗ್ಗೆ ಮಗಳು ಕೂಗಿದಳು. ಕಿಟಕಿ ಕಡೆಯ ಗಾಜಿನ ಮೇಲೆ ಕಂದು ದಾರದ ತುಂಡು ಅಂಟಿದ ಹಾಗಿತ್ತು, ಅರ್ಧ ಸೆಂಟಿಮೀಟರ್ ಇರಬಹುದು. ಭೂತಗನ್ನಡಿ ಹಿಡಿದರೆ ತುದಿಯಲ್ಲಿ ಎಳೆ ಎಳೆ ಕೈಗಳು. ಸೂಜಿಯಿಂದ ಮುಟ್ಟಿದಳು. ಪಟ್ಟನೆ ಮುದುರಿ ಸಾಸಿವೆಗಿಂತ ಚಿಕ್ಕ ಚುಕ್ಕಿ ಆಯಿತು. ಸತ್ತಿತು ಅಂದುಕೊಂಡೆವು. ಮೂರು ನಿಮಿಷಕ್ಕೆ ನಿಧಾನವಾಗಿ ಮತ್ತೆ ಉದ್ದ ಆಯಿತು, ಕೈಗಳು ಒಂದೊಂದಾಗಿ ಹೊರಬಂದವು. ನೀರಿನಲ್ಲಿ ಕುಪ್ಪಳಿಸುವ ಚುಕ್ಕಿಯಂಥ ಹುಳ ಒಂದು ಕೈಗೆ ತಾಗಿತು. ತಾಗಿದ್ದೇ ನಿಂತುಬಿಟ್ಟಿತು.

ಅಂಗಡಿ ಅರ್ಧ ದಿನ ಮುಚ್ಚಿದ್ದೆ. ಗಿರಾಕಿ ಫೋನ್ ಮೇಲೆ ಫೋನ್.

ರಿಟೈರ್ಡ್ ಮೇಷ್ಟ್ರು
ಸಂತೋಷ ಆಯಿತು. ಕೈ ಎಷ್ಟು?

ಜೆರಾಕ್ಸ್ ಅಂಗಡಿ
ನಾಲ್ಕು ಹೈಡ್ರಾ ಸಿಕ್ಕಿವೆ. ಎರಡಕ್ಕೆ ಆರು, ಒಂದಕ್ಕೆ ಏಳು. ನಾಲ್ಕನೆಯದಕ್ಕೆ ನಾನು ಐದು ಅಂತೀನಿ, ಅವಳು ಆರು ಅಂತಾಳೆ. ಅದರ ಸೊಂಟದಲ್ಲಿ ಇನ್ನೊಂದು ಸಣ್ಣದು ಮೊಗ್ಗಿನ ಹಾಗೆ ಬೆಳೆಯುತ್ತಿದೆ. ಅದರ ಕೈಯನ್ನೂ ಸೇರಿಸಿ ಎಣಿಸಿದ್ದಾಳೆ ಅಂತ ನನ್ನ ಅನುಮಾನ.

ಚಿನ್ನದಗಣಿ
ಫೋಟೋ ಹಾಕಿ ಸರ್, ನಾವೇ ತೀರ್ಮಾನ ಮಾಡುತ್ತೇವೆ.

ಜೆರಾಕ್ಸ್ ಅಂಗಡಿ
ತೆಗೆದೆ, ಮಬ್ಬು ಬಂತು. ಉಪ್ಪಿನಕಾಯಿ ಬಾಟಲಿ, ಲೇಬಲ್ ಪೂರ್ತಿ ಬಿಟ್ಟಿಲ್ಲ. ಇವತ್ತು ಕಾಲೇಜಿಗೆ ಬಾಟಲಿ ಸಮೇತ ತೆಗೆದುಕೊಂಡು ಹೋಗಿದ್ದಾಳೆ, ಆ ಲೆಕ್ಚರರ್‌ಗೆ ತೋರಿಸುವುದಕ್ಕೆ. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ನಿಂಬೆಹಣ್ಣಿನ ಉಪ್ಪಿನಕಾಯಿ ಅಂತ ಹೇಳಿದ್ದಾಳಂತೆ ಕಂಡಕ್ಟರ್‌ಗೆ.

ದೋಸೆ ಮುಳಬಾಗಿಲು
ಮಧ್ಯಾಹ್ನ ಯಾರೂ ಊಟಕ್ಕೆ ಕೇಳದಿದ್ದರೆ ಸಾಕು.